ಆರ್‌ಎಕ್ಸ್ 100 ಬೋರ್ ಮಾಡಿಸುವ ಮುಂಚೆ ಹಳೇ ಪಿಸ್ಟನ್ ನೋಡಿ

ಕಿಕ್ ಹೊಡೆದರೆ ಕಾಲಿಗೆ ಒತ್ತಡವೇ ಸಿಗುವುದಿಲ್ಲ. ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಹತ್ತು ಹದಿನೈದು ಕಿಕ್ ಆದ ಮೇಲೆ. ಏರಿನಲ್ಲಿ ನಾಲ್ಕನೇ ಗೇರ್ ಎಳೆಯುವುದಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಸಿಲಿಂಡರ್ ಒಳಗಿಂದ ಟಕಟಕ ಸದ್ದು, ಬಿಸಿಯಾದ ಮೇಲೆ ಸ್ವಲ್ಪ ಕಡಿಮೆ. ಯಮಹಾದ ಹಳೇ ಟೂ ಸ್ಟ್ರೋಕ್ ಬೈಕ್ ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಇದೆಲ್ಲ ಗೊತ್ತಿರುವ ಲಕ್ಷಣ. ಗ್ಯಾರೇಜಿಗೆ ಹೋದರೆ ಸಿಗುವ ಉತ್ತರವೂ ಗೊತ್ತಿರುವುದೇ: "ಬೋರ್ ಮಾಡಿಸ್ಬೇಕು ಸಾರ್." ಅಂದರೆ ಸವೆದ ಸಿಲಿಂಡರನ್ನು ಸ್ವಲ್ಪ ದೊಡ್ಡದಾಗಿ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಬೇಕು.

ಹೆಚ್ಚಿನ ಸಲ ಆ ಉತ್ತರ ಸರಿಯೇ ಇರುತ್ತದೆ. ಆದರೆ ಅದು ಅರ್ಧ ಉತ್ತರ. ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಕಿಟ್ ಹಾಕಿ, ಒಂದೆರಡು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತೆ ಸೀಜ್ ಆದ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡ ಗಾಡಿಗಳು ಬೇಕಾದಷ್ಟಿವೆ. ಆಗ ಮಾಲೀಕರು ಪಿಸ್ಟನ್ ಡೂಪ್ಲಿಕೇಟ್ ಅನ್ನುತ್ತಾರೆ, ಮೆಕ್ಯಾನಿಕ್ ಸಿಲಿಂಡರ್ ಕೊರೆದ ಲೇತ್‌ನವರ ತಪ್ಪು ಅನ್ನುತ್ತಾರೆ, ಲೇತ್‌ನವರು ಆಯಿಲ್ ಸರಿಯಾಗಿ ಹಾಕಿಲ್ಲ ಅನ್ನುತ್ತಾರೆ. ಮೊದಲ ಪಿಸ್ಟನ್ ಯಾಕೆ ಹೋಯಿತು ಅಂತ ಮಾತ್ರ ಯಾರೂ ನೋಡಿರುವುದಿಲ್ಲ. ಟಾಪ್ ಎಂಡ್, ಅಂದರೆ ಎಂಜಿನ್ ಮೇಲ್ಭಾಗದ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಹಳೇ ಪಿಸ್ಟನ್ ಕೆಟ್ಟ ಕಾರಣ ಗಾಡಿಯಲ್ಲಿ ಹಾಗೇ ಉಳಿದಿದ್ದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ.

ಆರ್‌ಎಕ್ಸ್ 100 ನಮ್ಮಲ್ಲಿ 1985ರಿಂದ 1996ರವರೆಗೆ ಮಾರಾಟವಾಯಿತು. ಅಂದರೆ ಈಗ ರಸ್ತೆಯಲ್ಲಿರುವ ಕೊನೇ ಗಾಡಿಗೂ ಮೂವತ್ತು ವರ್ಷದ ಹತ್ತಿರ. ಕಂಪನಿಯಿಂದ ಬಂದ ಸಿಲಿಂಡರ್ ಅಳತೆಯಲ್ಲೇ ಓಡುತ್ತಿರುವ ಗಾಡಿ ಸಿಕ್ಕರೆ ಅದೃಷ್ಟ. ಹಾಗಾಗಿ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಇಲ್ಲಿ ಹೇಳುವುದರಲ್ಲಿ ಬಹುಪಾಲು ಮೈಸೂರಿನ ಯೆಜ್ಡಿಗೂ ಒಪ್ಪುತ್ತದೆ. ಅಮೆರಿಕದಲ್ಲಿ ಮರಳುಗುಡ್ಡ ಹತ್ತಿಸುವ ನಾಲ್ಕು ಚಕ್ರದ ಯಮಹಾ ಬ್ಯಾನ್‌ಶೀ ಎಟಿವಿಗೂ ಒಪ್ಪುತ್ತದೆ. ಬ್ಯಾನ್‌ಶೀಯ 347 ಸಿಸಿ ಎಂಜಿನ್ನಿನ ಬೋರ್ (ಸಿಲಿಂಡರ್ ಒಳಗಿನ ಅಗಲ) 64 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) 54 ಮಿ.ಮೀ. ನಮ್ಮ ರಾಜದೂತ್ 350ರದ್ದೂ ಅದೇ ಅಳತೆ. ರಾಜದೂತ್ ಗಾಳಿಯಿಂದ ತಣಿಯುವ ಎಂಜಿನ್, ಬ್ಯಾನ್‌ಶೀ ನೀರಿನಿಂದ ತಣಿಯುವುದು, ಆದರೆ ಮನೆತನ ಒಂದೇ.

ಕವಾಟದ ಕೆಲಸವೂ ಪಿಸ್ಟನ್ನಿನದೇ

ಎಂಜಿನ್ನಿನ ಮೇಲ್ಭಾಗವನ್ನು ಟಾಪ್ ಎಂಡ್ ಅನ್ನುತ್ತಾರೆ. ಹೆಡ್, ಹೆಡ್ ಪ್ಯಾಕಿಂಗ್, ಸಿಲಿಂಡರ್, ಪಿಸ್ಟನ್, ಎರಡು ರಿಂಗ್, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್, ಪಿನ್ ಕೂರುವ ಸಣ್ಣ ನೀಡಲ್ ಬೇರಿಂಗ್, ಪಿನ್ ಜಾರದಂತೆ ಎರಡೂ ತುದಿಯಲ್ಲಿ ಹಿಡಿಯುವ ತಂತಿಯ ಸರ್ಕ್ಲಿಪ್, ಸಿಲಿಂಡರ್ ಕೆಳಗಿನ ಪ್ಯಾಕಿಂಗ್. ಇಷ್ಟೇ. ಕ್ರ್ಯಾಂಕ್, ಕನೆಕ್ಟಿಂಗ್ ರಾಡಿನ ಕೆಳತುದಿ, ಮೇನ್ ಬೇರಿಂಗ್, ಆಯಿಲ್ ಸೀಲು ಕೆಳಭಾಗಕ್ಕೆ ಸೇರಿದವು. ಅವನ್ನು ಮುಟ್ಟಬೇಕಾದರೆ ಎಂಜಿನ್ ಇಳಿಸಿ ಬಿಚ್ಚಬೇಕು. ಟಾಪ್ ಎಂಡ್ ಕೆಲಸಕ್ಕೆ ಎಂಜಿನ್ ಫ್ರೇಮಿನಲ್ಲೇ ಇರುತ್ತದೆ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಪೆಟ್ರೋಲ್ ಒಳಗೆ ಬಿಡಲು, ಹೊಗೆ ಹೊರಗೆ ಹಾಕಲು ವಾಲ್ವ್ ಇರುತ್ತವೆ. ಟೂ ಸ್ಟ್ರೋಕ್‌ನಲ್ಲಿ ಆ ಕೆಲಸವನ್ನು ಪಿಸ್ಟನ್ ಮಾಡುತ್ತದೆ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿವೆ, ಪೋರ್ಟ್ ಅನ್ನುತ್ತಾರೆ. ಪಿಸ್ಟನ್ ಕೆಳಗಿಳಿದಾಗ ಮೊದಲು ಎಕ್ಸಾಸ್ಟ್ ಪೋರ್ಟ್ ತೆರೆದು ಸುಟ್ಟ ಹೊಗೆ ಹೋಗುತ್ತದೆ. ಇನ್ನೂ ಕೆಳಗಿಳಿದಾಗ ಟ್ರಾನ್ಸ್‌ಫರ್ ಪೋರ್ಟ್ ತೆರೆದು ಹೊಸ ಮಿಶ್ರಣ ಮೇಲಕ್ಕೆ ನುಗ್ಗುತ್ತದೆ. ಆ ಮಿಶ್ರಣ ಬರುವುದು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿನಿಂದ. ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸ್ ಕಾರ್ಬೊರೇಟರ್‌ನಿಂದ ಮಿಶ್ರಣ ಎಳೆದುಕೊಳ್ಳುತ್ತದೆ, ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣವನ್ನು ಒತ್ತಿ ಮೇಲೆ ಕಳಿಸುತ್ತದೆ. ಅದು ವಾಪಸ್ ಕಾರ್ಬೊರೇಟರ್ ಕಡೆ ಹೋಗದಂತೆ ತಡೆಯುವುದು ತೆಳು ಎಲೆಗಳ ರೀಡ್ ವಾಲ್ವ್.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಕ್ರ್ಯಾಂಕ್‌ಕೇಸಿನಲ್ಲಿ ಎಂಜಿನ್ ಆಯಿಲ್ ತುಂಬಿಡಲು ಆಗುವುದಿಲ್ಲ. ಪಿಸ್ಟನ್ನಿಗೆ ಸಿಗುವ ಎಣ್ಣೆ ಪೆಟ್ರೋಲ್ ಜೊತೆ ಬರುವ 2ಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಆಯಿಲ್ ಮಾತ್ರ. ಎರಡು, ಕ್ರ್ಯಾಂಕ್‌ಕೇಸ್ ಗಾಳಿಯಾಡದಂತೆ ಬಿಗಿಯಾಗಿರಬೇಕು. ಎಲ್ಲಾದರೂ ಸಣ್ಣ ಸೋರಿಕೆ ಇದ್ದರೆ ಹೊರಗಿನ ಗಾಳಿ ಒಳಗೆ ಸೇರಿ ಪೆಟ್ರೋಲ್ ಪ್ರಮಾಣ ಕಡಿಮೆಯಾಗುತ್ತದೆ. ಪೆಟ್ರೋಲ್ ಕಡಿಮೆ ಅಂದರೆ ಎಣ್ಣೆಯ ಹರಿವಿಗೂ ಪೆಟ್ಟು, ಮೇಲಿಂದ ಬಿಸಿಯೂ ಜಾಸ್ತಿ. ಟೂ ಸ್ಟ್ರೋಕ್ ಸೀಜ್ ಆಗುವುದರ ಹಿಂದೆ ಬಹಳ ಸಲ ಇರುವುದು ಇದೇ.

ಈ ಪಿಸ್ಟನ್ ಎಷ್ಟು ದುಡಿಯುತ್ತದೆ ನೋಡಿ. ಆರ್‌ಎಕ್ಸ್ 100 ಪೂರ್ತಿ ಶಕ್ತಿ ಕೊಡುವುದು 7500 ಆರ್‌ಪಿಎಂನಲ್ಲಿ. ಅಂದರೆ ಸೆಕೆಂಡಿಗೆ 125 ಸಲ ಮೇಲೆ ಕೆಳಗೆ. ಟೂ ಸ್ಟ್ರೋಕ್ ಆದ್ದರಿಂದ ಸೆಕೆಂಡಿಗೆ 125 ಸಲ ಅದರ ತಲೆ ಮೇಲೆ ಬೆಂಕಿ. ಫೋರ್ ಸ್ಟ್ರೋಕ್‌ನಲ್ಲಾದರೆ ಇದರ ಅರ್ಧ.

ಬಿಚ್ಚುವ ಮುಂಚೆ

ಹೊಗೆ ನೋಡಿ ರಿಂಗ್ ಹೋಗಿದೆ ಅಂತ ತೀರ್ಮಾನ ಮಾಡಬೇಡಿ. ಅದು ಫೋರ್ ಸ್ಟ್ರೋಕ್ ಲೆಕ್ಕ. ಇಲ್ಲಿ ಎಣ್ಣೆ ಸುಡುವುದು ಮಾಮೂಲು, ಹೊಗೆ ಇದ್ದೇ ಇರುತ್ತದೆ. ಆದರೆ ಇದ್ದಕ್ಕಿದ್ದ ಹಾಗೆ ದಟ್ಟ ಬಿಳಿ ಹೊಗೆ ಬರುತ್ತಿದ್ದು, ಗೇರ್ ಆಯಿಲ್ ಮಟ್ಟವೂ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹರಿದಿದೆ ಅಂತ ಅರ್ಥ. ಎಂಜಿನ್ ಗೇರ್ ಬಾಕ್ಸಿನ ಎಣ್ಣೆ ಕುಡಿಯುತ್ತಿದೆ. ಅದಕ್ಕೆ ಬೋರ್ ಮಾಡಿಸಿದರೆ ಪ್ರಯೋಜನವಿಲ್ಲ.

ಕಂಪ್ರೆಷನ್ ಗೇಜ್ ಇದ್ದರೆ ಪ್ಲಗ್ ಜಾಗದಲ್ಲಿ ಹಾಕಿ, ಆಕ್ಸಿಲೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ನಿಲ್ಲುವ ತನಕ ಕಿಕ್ ಹೊಡೆಯಿರಿ. ಆಕ್ಸಿಲೇಟರ್ ತಿರುಗಿಸದೆ ನೋಡಿದರೆ ಸುಳ್ಳು ಲೆಕ್ಕ ಬರುತ್ತದೆ, ಗಾಳಿಯೇ ಒಳಗೆ ಬಂದಿರುವುದಿಲ್ಲ. ಆಮೇಲೆ ಪ್ಲಗ್ ತೂತಿನಲ್ಲಿ ಒಂದು ಚಮಚ 2ಟಿ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿ. ಸಂಖ್ಯೆ ಚೆನ್ನಾಗಿ ಏರಿದರೆ ರಿಂಗ್, ಸಿಲಿಂಡರ್ ಸವೆದಿವೆ. ಏರದಿದ್ದರೆ ಹೆಡ್ ಪ್ಯಾಕಿಂಗ್ ಕಡೆ ನೋಡಿ.

ಇನ್ನೊಂದು ಪರೀಕ್ಷೆ ಇದೆ. ಎಟಿವಿ ಮತ್ತು ಮೋಟೋಕ್ರಾಸ್ ಎಂಜಿನ್ ಕಟ್ಟುವವರು ಇದನ್ನು ಬಿಡುವುದಿಲ್ಲ. ನಮ್ಮ ಕಡೆಯೂ ಇದು ಬಳಕೆಗೆ ಬರಬೇಕು ಅಂತ ನನ್ನ ಆಸೆ. ಎಕ್ಸಾಸ್ಟ್ ಬಾಯಿಗೆ, ಕಾರ್ಬೊರೇಟರ್ ಕೂರುವ ಬಾಯಿಗೆ ರಬ್ಬರ್ ಬಿರಡೆ ಬಿಗಿದು, ಕೈಪಂಪಿನಿಂದ ಒಳಗೆ 6 ಪಿಎಸ್‌ಐ ಗಾಳಿ ಹಾಕುವುದು. ಇಷ್ಟೇ ಸಾಕು. ಜಾಸ್ತಿ ಹಾಕಿದರೆ ಸೀಲೇ ಎದ್ದು ಬರುತ್ತದೆ. ಆರು ನಿಮಿಷ ಬಿಟ್ಟು ನೋಡಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ. ಸಿಲಿಂಡರ್ ತಳ, ರೀಡ್ ವಾಲ್ವ್ ಪ್ಯಾಕಿಂಗ್, ಮ್ಯಾಗ್ನೆಟ್ ಹಿಂದಿನ ಸೀಲ್, ಈ ಮೂರು ಕಡೆ ಮೊದಲು ನೋಡಿ. ಮೂವತ್ತು ವರ್ಷದ ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿರುವುದು ಸಹಜ. ಅದನ್ನು ಹಾಗೇ ಬಿಟ್ಟು ಮೇಲೆ ಹೊಸ ಪಿಸ್ಟನ್ ಹಾಕುವುದು ದುಡ್ಡು ಹಾಳು. ಸೋರಿಕೆ ಹುಡುಕಲು ಓಡುವ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುವವರಿದ್ದಾರೆ. ಬೆಂಕಿ ಹತ್ತುತ್ತದೆ, ದಯವಿಟ್ಟು ಬೇಡ.

ಪಿಸ್ಟನ್ ಹೇಳುವ ಕಥೆ

ಸಿಲಿಂಡರ್ ಎತ್ತಿದ ತಕ್ಷಣ ಕ್ರ್ಯಾಂಕ್‌ಕೇಸ್ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ. ಸರ್ಕ್ಲಿಪ್ ಒಳಗೆ ಬಿದ್ದರೆ ಅರ್ಧ ಗಂಟೆಯ ಕೆಲಸ ಎರಡು ದಿನದ್ದಾಗುತ್ತದೆ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ತೊಳೆಯಬೇಡಿ. ಇದ್ದ ಹಾಗೇ ಬೆಳಕಿಗೆ ಹಿಡಿಯಿರಿ. ಎಕ್ಸಾಸ್ಟ್ ಕಡೆ ಯಾವುದು, ಕಾರ್ಬೊರೇಟರ್ ಕಡೆ ಯಾವುದು ಅಂತ ಗೊತ್ತಿರಬೇಕು. ತಲೆ ಮೇಲಿನ ಬಾಣದ ಗುರುತು ಎಕ್ಸಾಸ್ಟ್ ಕಡೆ ಇರುತ್ತದೆ.

ಎಕ್ಸಾಸ್ಟ್ ಕಡೆ ಮಾತ್ರ ಉದ್ದಕ್ಕೆ ಗೀರು ಬಿದ್ದು, ಅಲ್ಯೂಮಿನಿಯಂ ಕರಗಿ ಒರೆಸಿದ ಹಾಗೆ ಮೆತ್ತಿದ್ದು, ರಿಂಗ್ ಅದರೊಳಗೆ ಹೂತು ಅಲುಗಾಡದಂತಾಗಿದ್ದರೆ ಅದು ಬಿಸಿಯ ಸೀಜ್. ಪಿಸ್ಟನ್ನಿನ ಅತಿ ಬಿಸಿ ಭಾಗ ಅದೇ, ಸುಟ್ಟ ಹೊಗೆ ಹಾದು ಹೋಗುವುದು ಅಲ್ಲಿಂದ. ಪೆಟ್ರೋಲ್ ಕಡಿಮೆ ಸಿಕ್ಕಿದೆ ಅಥವಾ ಎಣ್ಣೆ ಕಡಿಮೆಯಾಗಿದೆ. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಅಳತೆಯಲ್ಲಿ ಬಿಡುವ ಸಣ್ಣ ತೂತಾದ ಮೇನ್ ಜೆಟ್ಟಿನಲ್ಲಿ ಕಸ, ಟ್ಯಾಂಕ್ ಕಾಕ್‌ನ ಜಾಲರಿಯಲ್ಲಿ ತುಕ್ಕು, ಸೀಲ್ ಸೋರಿಕೆ, ಆಯಿಲ್ ಪಂಪಿನ ಪೈಪಿನಲ್ಲಿ ಗಾಳಿ. ಹುಡುಕಬೇಕಾದದ್ದು ಇವುಗಳಲ್ಲಿ. ಸೈಲೆನ್ಸರ್ ಒಳಗಿನ ಬಫಲ್ ಪೈಪ್ ತೆಗೆದು ಸೌಂಡ್ ಮಾಡಿಕೊಂಡು, ಜೆಟ್ ಮಾತ್ರ ಹಳೇದೇ ಬಿಟ್ಟ ಗಾಡಿಗಳಲ್ಲೂ ಹೀಗಾಗುವುದುಂಟು.

ಗೀರು ಒಂದೇ ಕಡೆ ಇಲ್ಲದೆ ನಾಲ್ಕು ಮೂಲೆಯಲ್ಲಿ, ಅಂದರೆ ಗಜನ್ ಪಿನ್ನಿನ ಎರಡೂ ಪಕ್ಕ ಎರಡೆರಡು ಪಟ್ಟಿಯಾಗಿ ಬಿದ್ದಿದ್ದರೆ ಕಥೆ ಬೇರೆ. ಸಿಲಿಂಡರ್ ಹಿಗ್ಗುವ ಮುಂಚೆ ಪಿಸ್ಟನ್ ಹಿಗ್ಗಿಬಿಟ್ಟಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡದೆ ಎಳೆದಿದ್ದಾರೆ, ಇಲ್ಲವೇ ಬೋರ್ ಮಾಡಿದವರು ಗ್ಯಾಪ್ ಕಡಿಮೆ ಬಿಟ್ಟಿದ್ದಾರೆ. ಪಿನ್ ಇರುವ ಕಡೆ ಲೋಹ ದಪ್ಪ, ಅಲ್ಲಿ ಹಿಗ್ಗುವುದೂ ಜಾಸ್ತಿ. ಅದಕ್ಕೇ ಅಲ್ಲಿ ಮೊದಲು ತಾಗುತ್ತದೆ. ಸುತ್ತಲೂ ಒಂದೇ ಸಮ ಉಜ್ಜಿದ್ದರೆ ಎಣ್ಣೆ ಬಂದೇ ಇಲ್ಲ ಅಂತ ಅರ್ಥ.

ಕಾರ್ಬೊರೇಟರ್ ಕಡೆಯ ಗೋಡೆ ಹೊಳಪು ಕಳೆದುಕೊಂಡು ಮಂಕಾಗಿದ್ದರೆ, ಬೆರಳಿಗೆ ಮರಳು ಕಾಗದದ ಹಾಗೆ ಸಣ್ಣಗೆ ತರಿತರಿ ಸಿಕ್ಕರೆ, ಅದು ಧೂಳಿನ ಕೆಲಸ. ಏರ್ ಫಿಲ್ಟರ್ ಹರಿದಿದೆ, ಅಥವಾ ಪಿಕಪ್ ಆಸೆಗೆ ತೆಗೆದೇ ಬಿಟ್ಟಿದ್ದಾರೆ. ಒಳಗೆ ಬರುವ ಗಾಳಿ ಮೊದಲು ಉಜ್ಜುವುದು ಈ ಭಾಗವನ್ನೇ. ಮರಳಿನಲ್ಲಿ ಓಡಿಸುವ ಎಟಿವಿಗಳ ಪಿಸ್ಟನ್ ಹೆಚ್ಚಾಗಿ ಹೋಗುವುದು ಹೀಗೆ. ಬೇಸಿಗೆಯಲ್ಲಿ ಬಯಲುಸೀಮೆಯ ಮಣ್ಣುರಸ್ತೆಯಲ್ಲಿ ಓಡಾಡುವ ಆರ್‌ಎಕ್ಸ್ 100ಕ್ಕೂ ಇದೇ ಗತಿ.

ಇನ್ನು ಪಿಸ್ಟನ್ ತಲೆ. ಕಂದು ಬಣ್ಣದ ತೆಳು ಕಾರ್ಬನ್ ಇದ್ದರೆ ಸರಿ. ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಸಣ್ಣ ಸಣ್ಣ ಕುಳಿ ಬಿದ್ದಿದ್ದರೆ ಒಳಗೆ ಬೆಂಕಿ ಹೊತ್ತಬೇಕಾದ ರೀತಿಯಲ್ಲಿ ಹೊತ್ತಿಲ್ಲ. ಟೈಮಿಂಗ್ ಮುಂದೆ ಹೋಗಿ ಪ್ಲಗ್ಗಿನ ಕಿಡಿ ಬೇಗ ಹಾರುತ್ತಿದೆ, ಕಂಪ್ರೆಷನ್ ಅತಿಯಾಗಿದೆ, ಅಥವಾ ಮಿಶ್ರಣ ತೆಳುವಾಗಿದೆ. ನಟ್ಟನಡುವೆ ತೂತು ಬಿದ್ದಿದ್ದರೆ ಪ್ಲಗ್ಗಿನ ನಂಬರ್ ನೋಡಿ. ಬಿಸಿ ಬೇಗ ಬಿಟ್ಟುಕೊಡದ ತಪ್ಪು ಪ್ಲಗ್ ಹಾಕಿದರೆ ಅದರ ತುದಿ ಕೆಂಡವಾಗಿ ಕಿಡಿಗಿಂತ ಮುಂಚೆಯೇ ಬೆಂಕಿ ಹೊತ್ತಿಸುತ್ತದೆ.

ತೂತು ಬಿದ್ದ, ಚೂರಾದ ಪಿಸ್ಟನ್ ಆಗಿದ್ದರೆ ಟಾಪ್ ಎಂಡ್ ಕೆಲಸದಲ್ಲಿ ಮುಗಿಯುವುದಿಲ್ಲ. ಲೋಹದ ಚೂರು ಕೆಳಗೆ ಬೇರಿಂಗಿನಲ್ಲಿ ಕೂತಿರುತ್ತದೆ. ಕ್ರ್ಯಾಂಕ್‌ಕೇಸ್ ಬಿಚ್ಚಲೇಬೇಕು. ಹಾಗೇ ಕನೆಕ್ಟಿಂಗ್ ರಾಡನ್ನು ಮೇಲಿನ ತುದಿಗೆ ತಂದು, ಮೇಲೆ ಎಳೆದು ಕೆಳಗೆ ಒತ್ತಿ ನೋಡಿ. ಪಕ್ಕಕ್ಕೆ ಸ್ವಲ್ಪ ಸರಿದಾಡುವುದು ಇರಬೇಕಾದದ್ದೇ. ಮೇಲೆ ಕೆಳಗೆ ಟಕ್ ಅಂದರೆ ಕೆಳಗಿನ ಬೇರಿಂಗ್ ಹೋಗಿದೆ. ಆಗ ಬೋರ್ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಕ್ರ್ಯಾಂಕ್ ಕೆಲಸ ಮಾಡಿಸಿ.

ಲೇತ್ ಶಾಪಿನಲ್ಲಿ

ಆರ್‌ಎಕ್ಸ್ 100ರ ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ. ಲೆಕ್ಕ ಹಾಕಿದರೆ 98 ಸಿಸಿ. ಅಲ್ಯೂಮಿನಿಯಂ ಮೈಯೊಳಗೆ ಎರಕದ ಕಬ್ಬಿಣದ ಕೊಳವೆ ಕೂತಿದೆ, ಪಿಸ್ಟನ್ ಜಾರುವುದು ಅದರಲ್ಲಿ. ಅದು ಸವೆದರೆ ಸ್ವಲ್ಪ ದೊಡ್ಡದಾಗಿ ಕೊರೆದು ದೊಡ್ಡ ಪಿಸ್ಟನ್ ಹಾಕಬಹುದು. 0.25, 0.50, 0.75, 1.00 ಮಿ.ಮೀ. ಹೀಗೆ ನಾಲ್ಕು ಮೆಟ್ಟಿಲು. 0.50 ಸೈಜಿನಲ್ಲಿ ಎಂಜಿನ್ 100 ಸಿಸಿ ಆಗುತ್ತದೆ, 1.00ರಲ್ಲಿ 102. ಪಿಕಪ್ಪಿಗೆ ಅದರಿಂದ ಗೊತ್ತಾಗುವಷ್ಟು ವ್ಯತ್ಯಾಸವಿಲ್ಲ. ಅದಕ್ಕೇ ಒಂದೇ ಸಲಕ್ಕೆ ದೊಡ್ಡ ಸೈಜಿಗೆ ಹಾರಬೇಡಿ. ಗೀರು ಹೋಗುವಷ್ಟು ಮಾತ್ರ ಕೊರೆಸಿ. ನಾಲ್ಕೂ ಮುಗಿದರೆ ಹೊಸ ಕೊಳವೆ, ಅಂದರೆ ಸ್ಲೀವ್ ಹಾಕಿಸಬೇಕು.

ಬ್ಯಾನ್‌ಶೀ, ಬ್ಲಾಸ್ಟರ್‌ನಂಥ ಹಳೇ ಎಟಿವಿಗಳದ್ದೂ ಕಬ್ಬಿಣದ ಕೊಳವೆಯೇ. ಆದರೆ ಈಗಿನ ಮೋಟೋಕ್ರಾಸ್ ಎಂಜಿನ್‌ಗಳಲ್ಲಿ ಅಲ್ಯೂಮಿನಿಯಂ ಗೋಡೆಗೇ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪ ಇರುತ್ತದೆ. ಅದನ್ನು ನಮ್ಮ ರೀತಿಯಲ್ಲಿ ಬೋರ್ ಮಾಡುವಂತಿಲ್ಲ. ಲೇಪವೇ ಹೋಗಿಬಿಡುತ್ತದೆ, ಮತ್ತೆ ಲೇಪ ಹಾಕಿಸಬೇಕು.

ಸಿಲಿಂಡರ್ ಸವೆದಿದೆಯೋ ಇಲ್ಲವೋ ಅಂತ ಬೆರಳು ಹಾಕಿ ನೋಡಿದರೆ ತಿಳಿಯುವುದಿಲ್ಲ. ಬೋರ್ ಗೇಜ್ ಬೇಕು. ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಹಿಂದೆ ಮುಂದೆ ಒಂದು ಸಲ, ಎಡ ಬಲ ಒಂದು ಸಲ ಅಳೆಯಬೇಕು. ಸವೆದ ಸಿಲಿಂಡರ್ ಪೂರ್ತಿ ದುಂಡಗೂ ಇರುವುದಿಲ್ಲ, ಮೇಲಿಂದ ಕೆಳಗೆ ಒಂದೇ ಸಮವೂ ಇರುವುದಿಲ್ಲ. ಅಂಥದ್ದಕ್ಕೆ ಹೊಸ ರಿಂಗ್ ಮಾತ್ರ ಹಾಕಿದರೆ ರಿಂಗ್ ಗೋಡೆಗೆ ಸುತ್ತಲೂ ಕೂರುವುದೇ ಇಲ್ಲ.

ಈಗ ಗ್ಯಾಪ್ ವಿಷಯ. ಪಿಸ್ಟನ್‌ಗೂ ಸಿಲಿಂಡರ್‌ಗೂ ನಡುವೆ ಬಿಡಬೇಕಾದ ಜಾಗ ಇಂಥ ಸಣ್ಣ ಏರ್ ಕೂಲ್ಡ್ ಎಂಜಿನ್ನಿಗೆ ಸುಮಾರು 0.04ರಿಂದ 0.05 ಮಿ.ಮೀ. ಪಿಸ್ಟನ್ ಡಬ್ಬಿಯ ಮೇಲೆ ಬೇರೆ ಸಂಖ್ಯೆ ಬರೆದಿದ್ದರೆ ಅದೇ ಕೊನೆ ಮಾತು. ನೋಟ್‌ಬುಕ್ಕಿನ ಹಾಳೆಯ ದಪ್ಪದಲ್ಲಿ ಸುಮಾರು ಅರ್ಧ ಇದು.

ಇಷ್ಟೇ ಯಾಕೆ ಅಂತ ಲೆಕ್ಕ ಹಾಕಿದರೆ ಚೆನ್ನಾಗಿ ಅರ್ಥವಾಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹ. 50 ಮಿ.ಮೀ. ಅಗಲದ ಪಿಸ್ಟನ್ 100 ಡಿಗ್ರಿ ಬಿಸಿ ಏರಿದರೆ ಸುಮಾರು 0.10 ಮಿ.ಮೀ. ಹಿಗ್ಗುತ್ತದೆ. ಅದೇ ಬಿಸಿಗೆ ಕಬ್ಬಿಣದ ಕೊಳವೆ ಹಿಗ್ಗುವುದು ಸುಮಾರು 0.055 ಮಿ.ಮೀ. ವ್ಯತ್ಯಾಸ 0.045. ನಾವು ಬಿಟ್ಟ ಗ್ಯಾಪ್ ಅಷ್ಟೂ ಅಲ್ಲೇ ಮುಗಿಯಿತು! ಸಾಲದ್ದಕ್ಕೆ ಪಿಸ್ಟನ್ ಯಾವಾಗಲೂ ಸಿಲಿಂಡರ್‌ಗಿಂತ ಬಿಸಿ. ಹಾಗಾದರೆ ಗಾಡಿ ಹೇಗೆ ಓಡುತ್ತದೆ? ಪಿಸ್ಟನ್ ಮೇಲೆ ಕೆಳಗೆ ಒಂದೇ ಅಗಲ ಇರುವುದಿಲ್ಲ. ಅತಿ ಬಿಸಿಯಾಗುವ ತಲೆ ಕಡೆ ಕಿರಿದು, ಅಷ್ಟು ಬಿಸಿಯಾಗದ ತಳದ ಕಡೆ ಅಗಲ. ಪಿನ್ ಇರುವ ದಿಕ್ಕಿನಲ್ಲಿ ಇನ್ನೂ ಸ್ವಲ್ಪ ಕಿರಿದು. ಬಿಸಿಯಾದಾಗ ಸರಿಯಾದ ಆಕಾರಕ್ಕೆ ಬರಲಿ ಅಂತಲೇ ತಣ್ಣಗಿರುವಾಗ ಹಾಗೆ ಮಾಡಿರುತ್ತಾರೆ. ಆದ್ದರಿಂದ ಮೈಕ್ರೋಮೀಟರ್ ಎಲ್ಲೆಂದರಲ್ಲಿ ಇಡಬಾರದು. ತಳದಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್ನಿಗೆ ಅಡ್ಡಲಾಗಿ ಅಳೆಯಬೇಕು.

ಇಲ್ಲಿ ಒಂದು ಮಾತು ಬಹಳ ಮುಖ್ಯ. ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಲೇತ್ ಶಾಪಿಗೆ ಹೋಗಿ. "ಅಣ್ಣಾ, 0.50 ಸೈಜಿಗೆ ಬೋರ್ ಮಾಡಿ ಇಟ್ಟಿರಿ, ಪಿಸ್ಟನ್ ಆಮೇಲೆ ತರ್ತೀನಿ" ಅನ್ನಬೇಡಿ. ಡಬ್ಬಿಯ ಮೇಲೆ 0.50 ಅಂತಿದ್ದರೂ ಒಂದು ಪಿಸ್ಟನ್‌ಗೂ ಇನ್ನೊಂದಕ್ಕೂ 0.01, 0.02 ವ್ಯತ್ಯಾಸ ಇರುತ್ತದೆ. ನಮ್ಮ ಗ್ಯಾಪೇ 0.04 ಆದಾಗ ಅಷ್ಟು ವ್ಯತ್ಯಾಸ ದೊಡ್ಡದು. ಒಳ್ಳೇ ಕೆಲಸಗಾರ ಮೊದಲು ನಿಮ್ಮ ಪಿಸ್ಟನ್ ಅಳೆಯುತ್ತಾನೆ, ಆಮೇಲೆ ಸಿಲಿಂಡರ್ ಮುಟ್ಟುತ್ತಾನೆ. ಅಳೆಯದೆ ಕೊರೆಯಲು ಶುರು ಮಾಡಿದರೆ ಸಿಲಿಂಡರ್ ವಾಪಸ್ ತೆಗೆದುಕೊಂಡು ಬನ್ನಿ.

ಬೋರಿಂಗ್ ಟೂಲ್ ಬಿಟ್ಟ ಗೆರೆಗಳ ಮೇಲೆ ಕೊನೆಯಲ್ಲಿ ಹೋನಿಂಗ್ ಆಗಬೇಕು. ಕಲ್ಲು ತಿರುಗುತ್ತಾ ಮೇಲೆ ಕೆಳಗೆ ಹೋಗಿ ಗೋಡೆಯಲ್ಲಿ ಒಂದಕ್ಕೊಂದು ದಾಟುವ ಸಣ್ಣ ಓರೆಗೆರೆಗಳು ಬೀಳುತ್ತವೆ. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲಿ, ಹೊಸ ರಿಂಗ್ ಉಜ್ಜಿಕೊಂಡು ಹೊಂದಿಕೊಳ್ಳುವುದೂ ಅವುಗಳ ಮೇಲೆ. ಕನ್ನಡಿಯ ಹಾಗೆ ಹೊಳೆಯುವ ಸಿಲಿಂಡರ್ ನೋಡಲು ಚೆಂದ, ಆದರೆ ಕೆಲಸಕ್ಕೆ ಒಳ್ಳೇದಲ್ಲ.

ಟೂ ಸ್ಟ್ರೋಕ್‌ಗೇ ವಿಶೇಷವಾದ ಇನ್ನೊಂದು ಕೆಲಸ ಇದೆ. ಪೋರ್ಟುಗಳ ಅಂಚು. ಬೋರ್ ಮಾಡಿದ ಮೇಲೆ ಪೋರ್ಟಿನ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ರಿಂಗ್ ಹೊರಕ್ಕೆ ಒತ್ತಿಕೊಂಡೇ ಜಾರುತ್ತದೆ, ಕಿಂಡಿ ಬಂದಾಗ ಸ್ವಲ್ಪ ಉಬ್ಬುತ್ತದೆ. ಹರಿತ ಅಂಚಿಗೆ ಸಿಕ್ಕಿದರೆ ರಿಂಗ್ ಮುರಿಯುತ್ತದೆ. ಆ ಅಂಚನ್ನು ಸುತ್ತಲೂ ನವಿರಾಗಿ ಓರೆ ಮಾಡಬೇಕು. ಐದು ನಿಮಿಷದ ಕೆಲಸ, ಆದರೆ ಫೋರ್ ಸ್ಟ್ರೋಕ್ ಸಿಲಿಂಡರ್ ಮಾತ್ರ ಮಾಡಿ ಅಭ್ಯಾಸ ಇರುವವರು ಮರೆತುಬಿಡುತ್ತಾರೆ. ಸಿಲಿಂಡರ್ ವಾಪಸ್ ಪಡೆಯುವಾಗ ಬೆರಳು ಆಡಿಸಿ ನೋಡಿ. ಉಗುರಿಗೆ ಕಚ್ಚಿಕೊಂಡರೆ ಅಲ್ಲೇ ನಿಂತು ಮಾಡಿಸಿ.

ಜೋಡಿಸುವಾಗ

ಮೊದಲು ತೊಳೆಯುವುದು. ಹೋನಿಂಗ್ ಪುಡಿ ಪೆಟ್ರೋಲಿಗೆ ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಪಾತ್ರೆ ಸೋಪು, ಬ್ರಷ್ ಹಾಕಿ ಉಜ್ಜಿ ತೊಳೆಯಿರಿ. ಒಣಗಿಸಿ, ಬಿಳಿ ಬಟ್ಟೆಗೆ ಎಣ್ಣೆ ಹಾಕಿ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಇನ್ನೊಮ್ಮೆ ತೊಳೆಯಿರಿ. ಬಟ್ಟೆ ಬಿಳಿಯಾಗೇ ಉಳಿಯುವ ತನಕ ಬಿಡಬೇಡಿ. ಮುಗಿದ ತಕ್ಷಣ 2ಟಿ ಆಯಿಲ್ ಹಚ್ಚಿ, ಇಲ್ಲದಿದ್ದರೆ ಬರೀ ಕಬ್ಬಿಣ ನೋಡನೋಡುತ್ತ ತುಕ್ಕು ಹಿಡಿಯುತ್ತದೆ.

ರಿಂಗ್ ಪಿಸ್ಟನ್ನಿಗೆ ಹಾಕುವ ಮುಂಚೆ ಒಂದೊಂದನ್ನೇ ಸಿಲಿಂಡರ್ ಒಳಗಿಟ್ಟು, ಪಿಸ್ಟನ್ ತಲೆಯಿಂದ ಸಮವಾಗಿ ಒಳಗೆ ತಳ್ಳಿ, ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. 100 ಮಿ.ಮೀ. ಬೋರಿಗೆ 0.4 ಮಿ.ಮೀ. ಅನ್ನುವುದು ಹಳೇ ಲೆಕ್ಕ. ನಮ್ಮ 50ಕ್ಕೆ 0.2ರ ಆಸುಪಾಸು. ಸಂದು ತೀರಾ ಕಡಿಮೆ ಇದ್ದರೆ ಬಿಸಿಗೆ ತುದಿಗಳು ಒಂದಕ್ಕೊಂದು ಗುದ್ದಿ ರಿಂಗ್ ಮುರಿಯುತ್ತದೆ. ಆಗ ಸಣ್ಣ ಅರದಿಂದ ತುದಿ ಉಜ್ಜಿ ಸರಿಮಾಡಬೇಕು. ಸಂದು ತೀರಾ ಜಾಸ್ತಿ ಇದ್ದರೆ ಆ ರಿಂಗ್ ಬೇಡ.

ಪಿಸ್ಟನ್ನಿನ ರಿಂಗ್ ಕಾಲುವೆಯಲ್ಲಿ ಒಂದೊಂದು ಸಣ್ಣ ಮೊಳೆ ಕಾಣುತ್ತದೆ. ಫೋರ್ ಸ್ಟ್ರೋಕ್ ಪಿಸ್ಟನ್‌ನಲ್ಲಿ ಇದು ಇರುವುದಿಲ್ಲ, ಅಲ್ಲಿ ರಿಂಗ್ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಇಲ್ಲಿ ತಿರುಗಿದರೆ ರಿಂಗಿನ ತುದಿ ಪೋರ್ಟಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಅದನ್ನು ತಡೆಯಲು ಈ ಮೊಳೆ. ರಿಂಗಿನ ಎರಡೂ ತುದಿ ಮೊಳೆಯ ಅಕ್ಕಪಕ್ಕ ಕೂತಿರಬೇಕು, ಮೇಲೆ ಹತ್ತಿರಬಾರದು. ರಿಂಗ್ ಮೇಲಿನ ಅಕ್ಷರ ಮೇಲ್ಮುಖವಾಗಿರಬೇಕು. ಪಿಸ್ಟನ್ನಿನ ಬಾಣ ಎಕ್ಸಾಸ್ಟ್ ಕಡೆಗೇ ಇರಬೇಕು. ತಿರುಗುಮುರುಗಾದರೆ ಮೊಳೆಗಳು ಪೋರ್ಟಿನ ಎದುರು ಬರುತ್ತವೆ, ಮೊದಲ ಕಿಕ್ಕಿಗೇ ಎಲ್ಲ ಹಾಳು.

ಸರ್ಕ್ಲಿಪ್ ಯಾವಾಗಲೂ ಹೊಸದು ಹಾಕಿ. ಹಳೇದನ್ನು ಬಗ್ಗಿಸಿ ತೆಗೆದಾಗಲೇ ಅದರ ಬಿಗಿ ಹೋಗಿರುತ್ತದೆ. ಓಡುವಾಗ ಬಿಟ್ಟು ಬಂದರೆ ಸಿಲಿಂಡರ್ ಗೋಡೆಯಲ್ಲಿ ಆಳವಾದ ಗೀರು. ಹತ್ತು ರೂಪಾಯಿಯ ತಂತಿಗೆ ಸಿಲಿಂಡರ್ ಕಳೆದುಕೊಂಡ ಹಾಗೆ. ಕೂರಿಸಿದ ಮೇಲೆ ಸಣ್ಣ ಸ್ಕ್ರೂಡ್ರೈವರಿನಿಂದ ಒತ್ತಿ, ಕಾಲುವೆಯಲ್ಲಿ ಸುತ್ತಲೂ ಕೂತಿದೆಯಾ ನೋಡಿ.

ಸಿಲಿಂಡರ್ ಇಳಿಸುವಾಗ ಬೆರಳಿನಿಂದಲೇ ರಿಂಗ್ ಒತ್ತಿ ಹಿಡಿದು ನೇರವಾಗಿ ಇಳಿಸಿ. ಬಿಗಿಯಾಯಿತು ಅಂತ ಸಿಲಿಂಡರನ್ನು ಆಚೀಚೆ ತಿರುಗಿಸಬೇಡಿ, ರಿಂಗಿನ ತುದಿ ಪೋರ್ಟಿನಲ್ಲಿ ಸಿಕ್ಕಿ ಮುರಿಯುತ್ತದೆ. ಎತ್ತಿ ಮತ್ತೆ ಇಳಿಸಿ. ಕೆಳಗಿನ ಪ್ಯಾಕಿಂಗ್ ಮೊದಲಿದ್ದ ದಪ್ಪದ್ದೇ ಇರಲಿ. ದಪ್ಪ ಬದಲಾದರೆ ಸಿಲಿಂಡರ್ ಮೇಲೆ ಕೆಳಗಾಗಿ ಪೋರ್ಟ್ ತೆರೆಯುವ ಹೊತ್ತೇ ಬದಲಾಗುತ್ತದೆ. ಹೆಡ್ಡನ್ನು ಗಾಜಿನ ಮೇಲೆ ಬೋರಲಿಟ್ಟು ನೋಡಿ, 0.05 ಫೀಲರ್ ಒಳಗೆ ಹೋಗಬಾರದು. ಹೋದರೆ ಗಾಜಿನ ಮೇಲೆ ಎಮರಿ ಪೇಪರ್ ಹಾಕಿ ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿ. ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ಮೂರ್ನಾಲ್ಕು ಸುತ್ತಿನಲ್ಲಿ ಬಿಗಿಮಾಡಿ.

ಆಯಿಲ್ ಪಂಪಿನ ಪೈಪ್ ಬಿಚ್ಚಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಗಾಳಿ ತೆಗೆಯದೆ ಸ್ಟಾರ್ಟ್ ಮಾಡಿದರೆ ಹೊಸ ಪಿಸ್ಟನ್ ಮೊದಲ ನಿಮಿಷಗಳನ್ನು ಎಣ್ಣೆಯಿಲ್ಲದೆ ಕಳೆಯುತ್ತದೆ. ಗಾಳಿ ತೆಗೆದರೂ ಮೊದಲ ಟ್ಯಾಂಕಿಗೆ ಲೀಟರಿಗೆ 20 ಮಿ.ಲೀ. 2ಟಿ ಆಯಿಲ್ ಬೆರೆಸುವುದು ಒಳ್ಳೇದು. ಯೆಜ್ಡಿಗೆ ಹೇಗೂ ಟ್ಯಾಂಕಿಗೇ ಬೆರೆಸುವ ಪದ್ಧತಿ. ಎಣ್ಣೆ ಜಾಸ್ತಿಯಾದಷ್ಟೂ ಒಳ್ಳೇದು ಅಂತ ಸುಮ್ನೆ ಸುರಿಯಬೇಡಿ. ಜೆಟ್ಟಿನ ಮೂಲಕ ಹೋಗುವುದರಲ್ಲಿ ಎಣ್ಣೆ ಪಾಲು ಹೆಚ್ಚಿದರೆ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ.

ರನ್ನಿಂಗ್ ಇನ್

ಹೊಸ ಪಿಸ್ಟನ್, ರಿಂಗ್ ಸಿಲಿಂಡರಿಗೆ ಹೊಂದಿಕೊಳ್ಳುವ ತನಕ ಹುಷಾರಾಗಿ ಓಡಿಸುವುದೇ ರನ್ನಿಂಗ್ ಇನ್. ಮೊದಲ ಸಲ ಸ್ಟಾರ್ಟ್ ಮಾಡಿ ಸಿಲಿಂಡರ್ ಹೊರಗಿನ ಫಿನ್ನುಗಳು ಕೈಗೆ ಚೆನ್ನಾಗಿ ಬಿಸಿ ತಾಗುವ ತನಕ ಓಡಿಸಿ, ಆಫ್ ಮಾಡಿ. ಪೂರ್ತಿ ತಣ್ಣಗಾಗಲಿ. ಹೀಗೆ ಎರಡು ಮೂರು ಸಲ ಮಾಡಿ. ಎಲ್ಲ ತಣ್ಣಗಿರುವಾಗ ಹೆಡ್ ನಟ್ ಇನ್ನೊಮ್ಮೆ ಬಿಗಿ ನೋಡಿ. ಮೊದಲ 500 ಕಿಲೋಮೀಟರ್ ಫುಲ್ ಆಕ್ಸಿಲೇಟರ್ ಬೇಡ. ಹಾಗಂತ ಒಂದೇ ಸಮ ನಿಧಾನವಾಗಿ ಓಡಿಸುವುದೂ ಬೇಡ. ವೇಗ ಏರಿಸುತ್ತಾ ಇಳಿಸುತ್ತಾ ಇದ್ದರೆ ರಿಂಗ್ ಗೋಡೆಗೆ ಹೊಂದಿಕೊಳ್ಳುತ್ತದೆ. ಹೆವಿ ಲೋಡ್, ಎದುರುಗಾಳಿಯ ಹೈವೇ ಎರಡೂ ದೂರ ಇರಲಿ.

ಘಟ್ಟ ಇಳಿಯುವವರಿಗೆ ವಿಶೇಷವಾಗಿ ಒಂದು ಮಾತು. ಚಾರ್ಮಾಡಿ, ಆಗುಂಬೆಯಂಥ ಇಳಿಜಾರಿನಲ್ಲಿ ಆಕ್ಸಿಲೇಟರ್ ಪೂರ್ತಿ ಬಿಟ್ಟು ಕೆಳಗಿನ ಗೇರಿನಲ್ಲಿ ಎಂಜಿನ್ ಬ್ರೇಕ್ ಮೇಲೆ ಇಳಿಯುವುದು ನಮ್ಮ ರೂಢಿ. ಟೂ ಸ್ಟ್ರೋಕ್‌ಗೆ ಅದು ಅಪಾಯ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಯೆಜ್ಡಿಯಲ್ಲಿ ಪೆಟ್ರೋಲ್ ಜೊತೆಗೇ ಎಣ್ಣೆಯೂ ನಿಂತುಹೋಗಿರುತ್ತದೆ. ಆರ್‌ಎಕ್ಸ್ 100ರಲ್ಲಿ ಆಯಿಲ್ ಪಂಪ್ ಆಕ್ಸಿಲೇಟರ್ ಕೇಬಲ್ಲಿಗೂ ಜೋಡಿಸಿರುವುದರಿಂದ ಎಣ್ಣೆ ತೀರಾ ಕಡಿಮೆಯಾಗುತ್ತದೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲೇಟರ್ ಕೊಡಿ. ಪಿಸ್ಟನ್ನಿಗೆ ಒಂದಿಷ್ಟು ಎಣ್ಣೆ ಸಿಗುತ್ತದೆ. ಉಳಿದದ್ದಕ್ಕೆ ಬ್ರೇಕ್ ಇದೆ.

ಈಗಿನ ಪೆಟ್ರೋಲ್ ಕೂಡ ಗಮನಿಸಬೇಕಾದ ವಿಷಯ. ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಇ20. ಎಥೆನಾಲ್ ಒಳಗೇ ಆಮ್ಲಜನಕ ಇರುವುದರಿಂದ, ಅದೇ ಹಳೇ ಜೆಟ್ಟಿನಲ್ಲಿ ಮಿಶ್ರಣ ಮೊದಲಿಗಿಂತ ತೆಳುವಾಗುತ್ತದೆ. 1985ರ ಕಾರ್ಬೊರೇಟರ್ ಈ ಪೆಟ್ರೋಲಿಗೆ ಮಾಡಿದ್ದಲ್ಲ. ಮೇಲಾಗಿ ಎಥೆನಾಲ್ ನೀರು ಹೀರಿಕೊಳ್ಳುತ್ತದೆ. ವಾರಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಎದ್ದು ಆ ಪುಡಿ ಜೆಟ್ಟಿಗೆ ಬರುತ್ತದೆ. ಹಾಗಾಗಿ ಟಾಪ್ ಎಂಡ್ ಕೆಲಸ ಮಾಡಿಸಿದಾಗಲೇ ಟ್ಯಾಂಕ್ ತೊಳೆಸಿ, ಪೆಟ್ರೋಲ್ ಪೈಪ್ ಹೊಸದು ಹಾಕಿಸಿ, ಕಾರ್ಬೊರೇಟರ್ ಬಿಚ್ಚಿ ಜೆಟ್ ಕ್ಲೀನ್ ಮಾಡಿಸಿ.

ಜೆಟ್ ಸರಿಯಿದೆಯಾ ಅಂತ ಪ್ಲಗ್ ಹೇಳುತ್ತದೆ. ರನ್ನಿಂಗ್ ಇನ್ ಮುಗಿದ ಮೇಲೆ ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಎಳೆದು, ಹಾಗೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಐಡಲಿನಲ್ಲಿ ಓಡಿಸಿ ಆಫ್ ಮಾಡಿದರೆ ತಪ್ಪು ಬಣ್ಣ ಕಾಣುತ್ತದೆ. ತುದಿಯ ಪಿಂಗಾಣಿ ತಿಳಿ ಕಂದು ಇದ್ದರೆ ಸರಿ. ಕಪ್ಪಗೆ ಒದ್ದೆ ಇದ್ದರೆ ಪೆಟ್ರೋಲೋ ಎಣ್ಣೆಯೋ ಜಾಸ್ತಿ, ಅದರಿಂದ ತಕ್ಷಣಕ್ಕೆ ತೊಂದರೆಯಿಲ್ಲ. ಬೆಳ್ಳಗೆ ಸುಟ್ಟ ಹಾಗಿದ್ದರೆ ಗಾಡಿ ಮನೆಗೆ ನಿಧಾನವಾಗಿ ತನ್ನಿ, ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕಿ, ಮತ್ತೆ ನೋಡಿ. ಆಗಲೂ ಬಿಳಿಯೇ ಇದ್ದರೆ ಮ್ಯಾಗ್ನೆಟ್ ಬಿಚ್ಚಿ ಹಿಂದಿನ ಸೀಲ್ ನೋಡಬೇಕು.